ಮಾದ ಗಾಯ, ಮಾಯದ ನೋವು

ಗಾಯದ ವಿಷಯದಲ್ಲಿ ನಾವು ಬಳಸುವ ಒಂದು ಕ್ರಿಯಾಪದ ಬಹಳ ಸೊಗಸಾದುದು. ಗಾಯ ‘ಮಾಯುತ್ತದೆ’ ಎನ್ನುತ್ತೇವೆ, ‘ಮಾದಿತು’ ಎನ್ನುತ್ತೇವೆ. ಈ ಮಾತು ಅಚ್ಚಗನ್ನಡದ್ದು. ಸಂಸ್ಕೃತದ ಮಾಯೆಗೂ ಇದಕ್ಕೂ ನಂಟಿಲ್ಲ. ಆದರೂ ಕೇಳುವ ಕಿವಿಯಲ್ಲಿ ಎರಡೂ ಬೆರೆತುಹೋಗಿ, ಗಾಯ ಮಾಯಿತೆಂದರೆ ಅದರ ನೋವೂ ಮಾಯವಾಯಿತೆಂಬ ಭರವಸೆ ತಾನಾಗಿ ಹುಟ್ಟುತ್ತದೆ. ಲೋಕದ ಎಣಿಕೆಯೂ ಅದೇ. ಗಾಯ ಇರುವಷ್ಟು ದಿನ ನೋಯುವ ಅಧಿಕಾರ ಮನುಷ್ಯನಿಗುಂಟು. ಗಾಯ ಮಾದ ಮೇಲೆ ಆ ಅಧಿಕಾರ ಮುಗಿಯಿತು.

ಎರಡು ವರ್ಷಗಳ ಹಿಂದೆ ನನ್ನ ಎಡಗಾಲಿಗೆ ಒಂದು ಶಸ್ತ್ರಚಿಕಿತ್ಸೆಯಾಯಿತು. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ದಪ್ಪಗಾಗಿ ಕೂತಿದ್ದ ನರವೊಂದನ್ನು ವೈದ್ಯರು ಕತ್ತರಿಸಿ ತೆಗೆದರು. ಅವರ ಕೈಗುಣದ ಬಗ್ಗೆ ನನಗೆ ದೂರಿಲ್ಲ. ಹೊಲಿಗೆ ಬಿಚ್ಚಿದಾಗ ಅಲ್ಲಿ ಉಳಿದಿದ್ದುದು ಒಂದು ತೆಳುವಾದ ಗೆರೆ ಮಾತ್ರ. ಆದರೆ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಆ ಗೆರೆಯ ಕೆಳಗೆ ಬೇರೊಂದು ಜಾತಿಯ ನೋವು ಎಚ್ಚರಗೊಂಡಿತು. ರಾತ್ರಿ ಹೊದಿಕೆಯ ಅಂಚು ತಾಗಿದರೆ ಕೆಂಡ ತಾಗಿದಂತೆ. ಹೆಜ್ಜೆ ಊರಿದರೆ ಬೆರಳಿನ ತುದಿಯವರೆಗೆ ಮಿಂಚು ಹರಿದಂತೆ. ವೈದ್ಯರು ಮತ್ತೆ ನೋಡಿದರು, ಚಿತ್ರ ತೆಗೆಸಿದರು. “ಎಲ್ಲ ಸರಿಯಾಗಿದೆಯಲ್ಲ ಮೇಷ್ಟ್ರೇ” ಎಂದರು. ಅವರ ದನಿಯಲ್ಲಿ ಕಠೋರತೆ ಇರಲಿಲ್ಲ. ಆದರೂ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ, ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗನಂತೆ ನನಗೆ ನಾಚಿಕೆಯಾಯಿತು.

ವಯಸ್ಸಾದವರು ತಮ್ಮ ಕಾಯಿಲೆಗಳ ವರ್ಣನೆಗೆ ತೊಡಗಿದರೆ ಕೇಳುವವರು ಮೆಲ್ಲಗೆ ಎದ್ದುಹೋಗುತ್ತಾರೆಂಬುದು ನನಗೆ ಗೊತ್ತು. ನಾನು ಹೇಳಹೊರಟಿರುವುದು ನನ್ನ ಕಾಲಿನ ಕಥೆಯನ್ನಲ್ಲ. ಆ ನಾಚಿಕೆಯ ಚರಿತ್ರೆಯನ್ನು. ನಿದ್ರೆ ಬಾರದ ರಾತ್ರಿಗಳಲ್ಲಿ ಪುಸ್ತಕಗಳನ್ನು ತಿರುವುತ್ತಾ ಕೂತಾಗ ನನಗೆ ತಿಳಿದುಬಂದ ಸಂಗತಿಯೇನೆಂದರೆ, ಶಸ್ತ್ರದ ಅಲಗಿನಿಂದ ನೊಂದ ನರ ಗಾಯ ಮಾದ ಬಳಿಕವೂ ಕೂಗುತ್ತಿರಬಲ್ಲದೆಂಬುದನ್ನು ರೋಗಿಗಳು ನಾನೂರು ವರ್ಷಗಳಿಗೂ ಮೀರಿ ಹೇಳುತ್ತಲೇ ಬಂದಿದ್ದಾರೆ. ಅದನ್ನು ನಂಬಲು ಕೇಳುವವರಿಗೆ ಅಷ್ಟು ಕಾಲ ಹಿಡಿಯಿತು.

ಮೊದಲು ನಮ್ಮ ನೆಲದಿಂದಲೇ ಆರಂಭಿಸೋಣ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 107 ಮರ್ಮಗಳ ವಿವರಣೆಯಿದೆ. ಪೆಟ್ಟು ಬಿದ್ದರೆ ಆಗುವ ಪರಿಣಾಮವನ್ನು ಅನುಸರಿಸಿ ಅವುಗಳನ್ನು ಐದು ವರ್ಗಗಳಾಗಿ ವಿಂಗಡಿಸಲಾಗಿದೆ. ಕೆಲವು ಒಡನೆಯೇ ಪ್ರಾಣ ತೆಗೆಯುವಂಥವು, ಕೆಲವು ಕಾಲಾಂತರದಲ್ಲಿ. ಕೆಲವು ಅಂಗವಿಕಲತೆಯನ್ನು ತರುವಂಥವು. ಈ ವರ್ಗಗಳಲ್ಲಿ ಒಂದಕ್ಕೆ ‘ರುಜಾಕರ’ವೆಂದು ಹೆಸರು. ಅಂದರೆ ಅವು ಕೊಲ್ಲುವುದಿಲ್ಲ, ನೋಯಿಸುತ್ತವೆ. ಇಂಥವು ಎಂಟು. ಆ ಎಂಟರಲ್ಲಿ ನಾಲ್ಕು ಕೈಗಳಲ್ಲಿದ್ದರೆ, ಉಳಿದ ನಾಲ್ಕು ಕಾಲಿನ ಹರಡು ಮತ್ತು ಅದರ ಕೆಳಭಾಗದಲ್ಲಿವೆ. ಮರ್ಮವೆಂದರೆ ಇಂದು ನಾವು ಹೇಳುವ ನರವಲ್ಲ; ಹಾಗೆ ಸಮೀಕರಿಸುವುದು ಹಳೆಯ ಗ್ರಂಥಕ್ಕೂ ಹೊಸ ವಿಜ್ಞಾನಕ್ಕೂ ಅನ್ಯಾಯ. ಆದರೂ ಶಸ್ತ್ರ ಹಿಡಿದವನು ಮರ್ಮಸ್ಥಾನಗಳನ್ನು ಬಿಟ್ಟು ಕೊಯ್ಯಬೇಕೆಂದು ಎಚ್ಚರಿಸಿದ ಆ ಆಚಾರ್ಯನು, ಪಾದದ ಬಳಿ ನೋವೇ ಒಂದು ಸ್ವತಂತ್ರ ಪರಿಣಾಮವೆಂದು ಗುರುತಿಸಿದ್ದನೆಂಬುದು ಗಮನಾರ್ಹ. ಅದೇ ಗ್ರಂಥದ ನಿದಾನಸ್ಥಾನದಲ್ಲಿ, ವಾತವ್ಯಾಧಿಗಳ ನಡುವೆ, ಎರಡು ಚೆಲುವಾದ ಹೆಸರುಗಳು ಸಿಗುತ್ತವೆ: ಅಂಗಾಲು ಉರಿಯುವುದು ‘ಪಾದದಾಹ’, ಜೋಮು ಹಿಡಿದು ಜುಮ್ಮೆನ್ನುವುದು ‘ಪಾದಹರ್ಷ’. ಹರ್ಷವೆಂದರೆ ಇಲ್ಲಿ ಸಂತೋಷವಲ್ಲ, ರೋಮಾಂಚ. ರೋಗಿಯ ಬಾಯಿಂದ ಬಂದ ಮಾತನ್ನು ಕಿವಿಗೊಟ್ಟು ಕೇಳದೆ ಯಾರೂ ಇಂಥ ಹೆಸರುಗಳನ್ನು ಇಡಲಾರರು.

ಇನ್ನು ಯೂರೋಪಿನ ಕಡೆಗೆ ಬರೋಣ. ಈ ನೋವಿನ ಬರೆದಿಟ್ಟ ಚರಿತ್ರೆ ಹೆಚ್ಚಾಗಿ ದೊರೆಯುವುದು ಅಲ್ಲಿಯೇ. ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಆಂಬ್ರ್ವಾಸ್ ಪಾರೆ ಎಂಬ ಶಸ್ತ್ರವೈದ್ಯನಿದ್ದ. ಕ್ಷೌರಿಕ ವೃತ್ತಿಯಿಂದ ಮೇಲೆ ಬಂದವನು, ಲ್ಯಾಟಿನ್ ಬಾರದವನು. ಪಂಡಿತ ವೈದ್ಯರ ತಿರಸ್ಕಾರಕ್ಕೆ ಗುರಿಯಾದವನು. ಯುದ್ಧಭೂಮಿಯಲ್ಲಿ ಗಾಯಗಳಿಗೆ ಕುದಿಯುವ ಎಣ್ಣೆ ಸುರಿಯುವ ಪದ್ಧತಿಯನ್ನು ಕೈಬಿಟ್ಟವನು, ಅಂಗಚ್ಛೇದನದಲ್ಲಿ ರಕ್ತನಾಳಗಳನ್ನು ಸುಡುವ ಬದಲು ದಾರದಿಂದ ಕಟ್ಟಲು ತೊಡಗಿದವನು. ಕಾಲು ಕತ್ತರಿಸಿ ಬಹು ದಿನಗಳಾದ ಮೇಲೂ ಸೈನಿಕರು ಇಲ್ಲದ ಕಾಲು ನೋಯುತ್ತಿದೆಯೆಂದು ದೂರುವುದನ್ನು ಅವನು ಬರೆದಿಟ್ಟ. ಅವರನ್ನು ಹುಚ್ಚರೆಂದು ಅವನು ಕರೆಯಲಿಲ್ಲ.

ಪಾರೆಯ ಮತ್ತೊಬ್ಬ ರೋಗಿ ಫ್ರಾನ್ಸಿನ ದೊರೆ ಒಂಬತ್ತನೆಯ ಚಾರ್ಲ್ಸ್. ಜ್ವರಕ್ಕೆಂದು ರಕ್ತ ತೆಗೆಯುವಾಗ ಮತ್ತೊಬ್ಬನ ಕೈಯ ಸೂಜಿಗತ್ತಿ ದೊರೆಯ ತೋಳಿನ ನರಕ್ಕೆ ತಾಗಿತು. ತೋಳು ಮಡಿಸಿದ್ದು ಬಿಡಿಸಲಾರದಂತಾಗಿ, ಅರಸ ತಿಂಗಳುಗಟ್ಟಲೆ ನರಳಿದ. ಚಿಕಿತ್ಸೆಗಾಗಿ ಹಿಡಿದ ಶಸ್ತ್ರವೇ ನರವನ್ನು ನೋಯಿಸಿ ಬಹುಕಾಲದ ಬಾಧೆಯನ್ನು ಹುಟ್ಟಿಸಬಲ್ಲದೆಂಬುದಕ್ಕೆ ಇದು ಹಳೆಯ ದಾಖಲೆಗಳಲ್ಲಿ ಒಂದು. ದೊರೆಯ ನೋವನ್ನು ಯಾರೂ ಅಲ್ಲಗಳೆಯಲಿಲ್ಲ. ಬಡ ಸೈನಿಕನ ನೋವಿಗೆ ಆ ಭಾಗ್ಯ ಯಾವಾಗಲೂ ಇರಲಿಲ್ಲ.

ಪಾರೆಯ ನಂತರ ಬಂದ ತತ್ತ್ವಜ್ಞಾನಿ ಡೇಕಾರ್ಟನು ಈ ಒಗಟಿಗೆ ಉತ್ತರ ಹುಡುಕಿದ. ಅವನು ಆರಿಸಿಕೊಂಡ ದೃಷ್ಟಾಂತ ಕಾಲಿನದೇ ಎಂಬುದು ನನ್ನಂಥವನಿಗೆ ಸಮಾಧಾನದ ವಿಷಯ. ಅವನು ತೀರಿಕೊಂಡ ಮೇಲೆ, 1662ರಲ್ಲಿ ಲ್ಯಾಟಿನ್ನಿನಲ್ಲೂ 1664ರಲ್ಲಿ ಫ್ರೆಂಚಿನಲ್ಲೂ ಪ್ರಕಟವಾದ ಮಾನವನ ಕುರಿತ ಗ್ರಂಥದಲ್ಲಿ ಒಂದು ಪ್ರಸಿದ್ಧ ಚಿತ್ರವಿದೆ. ಹುಡುಗನೊಬ್ಬ ಬೆಂಕಿಯ ಬಳಿ ಪಾದವನ್ನು ಚಾಚಿದ್ದಾನೆ. ಪಾದದಿಂದ ಮಿದುಳಿನವರೆಗೆ ಒಂದು ಎಳೆ ಹೋಗಿದೆ. ಹಗ್ಗದ ಈ ತುದಿಯನ್ನು ಜಗ್ಗಿದರೆ ಆ ತುದಿಯ ಗಂಟೆ ಬಾರಿಸುವಂತೆ, ಬೆಂಕಿ ಪಾದವನ್ನು ತಾಕಿದರೆ ಮಿದುಳಿನಲ್ಲಿ ಎಚ್ಚರವಾಗುತ್ತದೆ. 1641ರ ತನ್ನ ಧ್ಯಾನಗಳಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ: ಈ ಎಳೆಯನ್ನು ಪಾದದಲ್ಲಲ್ಲದೆ ನಡುದಾರಿಯಲ್ಲೆಲ್ಲೋ ಜಗ್ಗಿದರೂ ಮನಸ್ಸಿಗೆ ನೋವು ತೋರುವುದು ಪಾದದಲ್ಲಿಯೇ. ಬೆರಳು ನೆಟ್ಟಗಿದ್ದರೂ ಬೆರಳು ಏಕೆ ನೋಯುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ವಿವರಣೆ ಬೇಕಿಲ್ಲ.

ಆದರೆ ಇದೇ ಚಿತ್ರ ಮುಂದೆ ತೊಡಕನ್ನೂ ತಂದಿತು. ಹಗ್ಗ ಜಗ್ಗಿದಷ್ಟೇ ಗಂಟೆ ಬಾರಿಸಬೇಕಷ್ಟೆ? ಹಾಗಾದರೆ ಗಾಯ ಎಷ್ಟೋ ನೋವೂ ಅಷ್ಟೇ ಇರಬೇಕು. ಗಾಯ ಸೊನ್ನೆಯಾದರೆ ನೋವೂ ಸೊನ್ನೆ. ಹಾಗಿಲ್ಲವೆನ್ನುವ ರೋಗಿ ಒಂದೋ ಹೆದರುಪುಕ್ಕಲ, ಇಲ್ಲವೇ ನಟ. ಹೀಗೆ ಒಂದು ಸುಂದರವಾದ ಉಪಮಾನ ಮುನ್ನೂರು ವರ್ಷಗಳ ಕಾಲ ನೊಂದವರ ಬಾಯಿ ಮುಚ್ಚಿಸಿತು. ಉಪಮೆಗಳನ್ನು ಪಾಠ ಹೇಳಿಯೇ ಹೊಟ್ಟೆ ಹೊರೆದುಕೊಂಡ ನಾನು ಇದನ್ನು ಸಂಕೋಚದಿಂದಲೇ ಹೇಳುತ್ತಿದ್ದೇನೆ.

1797ರ ಜುಲೈ ತಿಂಗಳಲ್ಲಿ ಟೆನೆರೀಫ್ ದ್ವೀಪದ ಮುತ್ತಿಗೆಯಲ್ಲಿ ಇಂಗ್ಲೆಂಡಿನ ನೌಕಾಸೇನಾನಿ ನೆಲ್ಸನ್ ಬಲತೋಳಿಗೆ ಗುಂಡು ತಿಂದು, ಹಡಗಿನಲ್ಲೇ ತೋಳನ್ನು ಕತ್ತರಿಸಿಕೊಂಡ. ರಕ್ತನಾಳವನ್ನು ಕಟ್ಟಿದ ದಾರದೊಳಗೆ ಒಂದು ನರವೂ ಸಿಕ್ಕಿಕೊಂಡಿತ್ತು. ಅಫೀಮಿನ ಆಸರೆಯಿಲ್ಲದೆ ಅವನಿಗೆ ರಾತ್ರಿ ಕಳೆಯುತ್ತಿರಲಿಲ್ಲ. ಡಿಸೆಂಬರಿನ ಮೊದಲಲ್ಲಿ ಆ ದಾರ ತಾನಾಗಿ ಕಳಚಿಬಿತ್ತು. ಗಾಯ ಬೇಗನೆ ಮಾದಿತು. ಲಂಡನ್ನಿನ ಚರ್ಚೊಂದರಲ್ಲಿ ಅವನು ದೇವರಿಗೆ ಕೃತಜ್ಞತೆ ಅರ್ಪಿಸಿದ. ಸಮುದ್ರಗಳನ್ನು ಆಳಿದ ಸೇನಾನಿಯೊಬ್ಬನನ್ನು ನಾಲ್ಕು ತಿಂಗಳಿಗೂ ಮೀರಿ ಆಳಿದುದು ಒಂದು ದಾರದ ಎಳೆ!

ಆಗ ಶಸ್ತ್ರಚಿಕಿತ್ಸೆಯೇ ಒಂದು ನರಕವಾಗಿತ್ತು. 1843ರಲ್ಲಿ ಎಡಿನ್‌ಬರೋ ನಗರದ ರಸಾಯನಶಾಸ್ತ್ರಜ್ಞ ಜಾರ್ಜ್ ವಿಲ್ಸನ್ನನ ಪಾದವನ್ನು ಜೇಮ್ಸ್ ಸೈಮ್ ಎಂಬ ಪ್ರಸಿದ್ಧ ವೈದ್ಯನು ಹರಡಿನ ಬಳಿ ಕತ್ತರಿಸಿದಾಗ ಅರಿವಳಿಕೆ ಎಂಬುದು ಬಳಕೆಗೆ ಬಂದಿರಲಿಲ್ಲ. ಆ ಅನುಭವವನ್ನು ವಿಲ್ಸನ್ ಮುಂದೆ ಒಂದು ಪತ್ರದಲ್ಲಿ ಬರೆದು, ಅರಿವಳಿಕೆಯನ್ನು ವಿರೋಧಿಸುತ್ತಿದ್ದವರ ಎದುರು ಸಾಕ್ಷಿಯಾಗಿ ನಿಂತ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಈಥರಿನ ಪ್ರಯೋಗ ಎಲ್ಲರೆದುರು ನಡೆಯಿತು. ಅದೇ ಡಿಸೆಂಬರ್ 21ರಂದು ಲಂಡನ್ನಿನಲ್ಲಿ ರಾಬರ್ಟ್ ಲಿಸ್ಟನ್ ಈಥರ್ ಕೊಟ್ಟು ಒಬ್ಬನ ಕಾಲನ್ನು ಕತ್ತರಿಸಿದ. ಕೊಯ್ಯುವ ಹೊತ್ತಿನ ನೋವು ಸೋತಿತು. ಲೋಕವೆಲ್ಲ ಹಿಗ್ಗಿತು. ಆದರೆ ಆ ಹಿಗ್ಗಿನಲ್ಲಿ, ಕೊಯ್ದು ತಿಂಗಳಾದ ಮೇಲಿನ ನೋವು ಯಾರ ಕಣ್ಣಿಗೂ ಬೀಳಲಿಲ್ಲ.

ಅದು ಕಣ್ಣಿಗೆ ಬಿದ್ದುದು ಒಂದು ಅಂತರ್ಯುದ್ಧದಲ್ಲಿ. 1861ರಿಂದ 1865ರವರೆಗೆ ನಡೆದ ಅಮೆರಿಕದ ಕದನದಲ್ಲಿ ಗುಂಡುಗಳು ಸಹಸ್ರಾರು ಯುವಕರ ಕೈಕಾಲುಗಳನ್ನು ಸೀಳಿದವು. ಫಿಲಡೆಲ್ಫಿಯ ನಗರದ ಟರ್ನರ್ಸ್ ಲೇನ್ ಎಂಬಲ್ಲಿ ನರಗಳಿಗೆ ಪೆಟ್ಟಾದವರಿಗಾಗಿಯೇ ಒಂದು ಆಸ್ಪತ್ರೆ ತೆರೆಯಿತು. ಅಲ್ಲಿ ಸೈಲಸ್ ವಿಯರ್ ಮಿಚೆಲ್ ಎಂಬ ವೈದ್ಯ, ಮೋರ್‌ಹೌಸ್ ಮತ್ತು ಕೀನ್ ಎಂಬ ಇಬ್ಬರು ಸಹೋದ್ಯೋಗಿಗಳೊಡನೆ, ರೋಗಿಗಳ ಮಾತನ್ನು ಬರೆದುಕೊಳ್ಳತೊಡಗಿದ. ಮಾದ ಗಾಯದ ಕೆಳಗೆ ಅಂಗೈಯೋ ಅಂಗಾಲೋ ಬೆಂಕಿಯಂತೆ ಉರಿಯುತ್ತದೆ. ಪಕ್ಕದವನು ಪತ್ರಿಕೆಯ ಹಾಳೆ ತಿರುವಿದ ಸದ್ದಿಗೆ, ಯಾರೋ ಕೊಠಡಿಯಲ್ಲಿ ನಡೆದ ಹೆಜ್ಜೆಯ ಕಂಪನಕ್ಕೆ ಉರಿ ಹೆಚ್ಚುತ್ತದೆ. ಒದ್ದೆ ಬಟ್ಟೆಯನ್ನು ಬಿಟ್ಟು ಇವರು ಇರಲಾರರು. ನಡೆಯುವಾಗ ಬೂಟಿನೊಳಗೆ ನೀರು ಸುರಿದುಕೊಂಡವರೂ ಇದ್ದರು. ಮೂವರೂ ಸೇರಿ ಬರೆದ ಪುಸ್ತಕ 1864ರಲ್ಲಿ ಹೊರಬಂತು. ಈ ನೋವಿಗೆ ಮಿಚೆಲ್ ಮುಂದೆ ‘ಕಾಸಾಲ್ಜಿಯ’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಉರಿ ಮತ್ತು ನೋವು ಎಂಬ ಎರಡು ಪದಗಳ ಸಮಾಸ ಅದು. ನಾವು ‘ಉರಿನೋವು’ ಎನ್ನಬಹುದು.

ಸಾಹಿತ್ಯಪ್ರಿಯರು ಮೆಚ್ಚುವ ಒಂದು ಪ್ರಸಂಗ ಇಲ್ಲಿ ಬರುತ್ತದೆ. ಮಿಚೆಲ್ ಕಥೆಗಾರನೂ ಹೌದು. ಇಲ್ಲದ ಅಂಗ ಇದ್ದಂತೆ ತೋರಿ ನೋಯುವ ಸಂಗತಿಯನ್ನು ಅವನು ಮೊದಲು ಬಹಿರಂಗಕ್ಕೆ ತಂದುದು ವೈದ್ಯಕೀಯ ಪತ್ರಿಕೆಯಲ್ಲಿ ಅಲ್ಲ; 1866ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಹೆಸರಿಲ್ಲದೆ ಅಚ್ಚಾದ ‘ಜಾರ್ಜ್ ಡೆಡ್ಲೋನ ಪ್ರಕರಣ’ ಎಂಬ ಕಥೆಯಲ್ಲಿ. ಯುದ್ಧದಲ್ಲಿ ಕೈಕಾಲುಗಳೆಲ್ಲವನ್ನೂ ಕಳೆದುಕೊಂಡ ಒಬ್ಬ ಸೈನಿಕನ ಆತ್ಮಕಥನದಂತಿದೆ ಅದು. ಓದುಗರು ಅದನ್ನು ನಿಜವೆಂದೇ ನಂಬಿ, ಆ ಕಲ್ಪಿತ ಸೈನಿಕನ ಸಹಾಯಕ್ಕೆಂದು ಹಣ ಕೂಡಿಸಿದರು! ಐದು ವರ್ಷಗಳ ಬಳಿಕ, 1871ರಲ್ಲಿ, ತನ್ನ ಹೆಸರಿನಲ್ಲೇ ಬರೆದ ಲೇಖನದಲ್ಲಿ ಅವನು ಇಂಥ ಅಂಗವನ್ನು ಭೂತಕ್ಕೆ ಹೋಲಿಸಿದ; ಆ ಹೆಸರೇ ವೈದ್ಯಕೀಯದಲ್ಲಿ ನಿಂತಿತು. ನಾವು ‘ಛಾಯಾಂಗ’ ಎನ್ನೋಣ. ಸಹವೈದ್ಯರು ನಗಬಹುದೆಂಬ ಅಳುಕಿನಿಂದ ಅವನು ಮೊದಲು ಕಥೆಯ ಮರೆ ಹೊಕ್ಕನೆಂದು ಊಹಿಸುವವರಿದ್ದಾರೆ. ಅದು ನಿಜವಿದ್ದರೆ, ಶಾಸ್ತ್ರ ನಂಬಲು ಹಿಂಜರಿದುದನ್ನು ಕಥೆಯ ಓದುಗರು ಮೊದಲು ನಂಬಿದರೆಂದಾಯಿತು.

ಅದೇ ಫಿಲಡೆಲ್ಫಿಯ ನಗರದಲ್ಲಿ 1876ರಲ್ಲಿ ಥಾಮಸ್ ಜಾರ್ಜ್ ಮಾರ್ಟನ್ ಎಂಬ ಶಸ್ತ್ರವೈದ್ಯ, ನಾಲ್ಕನೆಯ ಬೆರಳಿನ ಬುಡದಲ್ಲಿ ಕಾಣಿಸಿಕೊಳ್ಳುವ ತೀವ್ರ ಯಾತನೆಯನ್ನು ವಿವರಿಸಿದ. 1845ರಲ್ಲೇ ಇಂಗ್ಲೆಂಡಿನ ಪಾದಚಿಕಿತ್ಸಕ ಲೂಯಿಸ್ ಡರ್ಲಾಕರ್ ಇದನ್ನು ಗುರುತಿಸಿದ್ದನಾದರೂ ಹೆಸರು ಉಳಿದುದು ಮಾರ್ಟನ್ನನದು. ನನ್ನ ಪಾದದಲ್ಲಿದ್ದುದೂ ಅದೇ. ಅದಕ್ಕೆ ಮುಂದೆ ರೂಢಿಗೆ ಬಂದ ಶಸ್ತ್ರಕ್ರಿಯೆಯೆಂದರೆ ದಪ್ಪಗಾದ ನರವನ್ನು ಕತ್ತರಿಸಿ ತೆಗೆಯುವುದು. ಬಹುಮಂದಿಗೆ ಅದರಿಂದ ಗುಣವಾಗುತ್ತದೆ. ಆದರೆ ನರವೆಂಬುದು ಸತ್ತ ತಂತಿಯಲ್ಲ, ಜೀವವಿರುವ ಬಳ್ಳಿ. ಕಡಿದ ತುದಿ ಮತ್ತೆ ಚಿಗುರಿ, ತಾನು ಕಳೆದುಕೊಂಡ ಇನ್ನೊಂದು ತುದಿಯನ್ನು ಹುಡುಕುತ್ತದೆ. ಅದು ಸಿಗದಿದ್ದಾಗ ಚಿಗುರುಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತವೆ. ಕೆಲವರಲ್ಲಿ ಈ ಗಂಟು ಸ್ವಲ್ಪ ಒತ್ತಿದರೂ ಕಿಡಿ ಹಾರಿಸುತ್ತದೆ. ಡೇಕಾರ್ಟನು ಹೇಳಿದಂತೆ, ನಡುದಾರಿಯಲ್ಲಿ ಜಗ್ಗಿದ ಆ ಎಳೆ ಬೆರಳಿನ ಹೆಸರು ಹೇಳಿ ಕೂಗುತ್ತದೆ.

ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 1988ರಲ್ಲಿ ನನ್ನ ತಾಯಿಗೆ ಮಧುಮೇಹದಿಂದ ಕಾಲಿನ ಹೆಬ್ಬೆರಳು ಕೊಳೆತು, ಅದನ್ನು ತೆಗೆಯಬೇಕಾಯಿತು. ಗಾಯ ನಿಧಾನವಾಗಿಯಾದರೂ ಮಾದಿತು. ನಾನಾಗ ಹೊಸದಾಗಿ ಅಧ್ಯಾಪಕನಾಗಿದ್ದೆ. ಎಲ್ಲವೂ ತಿಳಿದಿದೆಯೆಂಬ ವಯಸ್ಸು. ಒಂದು ರಾತ್ರಿ ಆಕೆ, “ಹೆಬ್ಬೆರಳು ಉರಿಯುತ್ತಿದೆ ಕಣೋ, ಯಾರೋ ಹಿಂಡಿದ ಹಾಗಾಗುತ್ತೆ” ಎಂದಳು. ನಾನು ನಕ್ಕು, “ಇಲ್ಲದ ಬೆರಳು ಹೇಗಮ್ಮ ಉರಿಯುತ್ತೆ?” ಎಂದೆ. ಆಕೆಯೂ ಸ್ವಲ್ಪ ನಕ್ಕಳು. “ಹೌದಲ್ಲ, ನನಗೆಲ್ಲೋ ಭ್ರಮೆ” ಎಂದಳು. ಮತ್ತೆ ಆ ಮಾತನ್ನು ಎತ್ತಲಿಲ್ಲ. ಆದರೆ ರಾತ್ರಿ ಮಲಗುವಾಗ ಒಂದು ಒದ್ದೆ ವಸ್ತ್ರವನ್ನು ಪಾದದ ಮೇಲೆ ಹಾಸಿಕೊಳ್ಳುತ್ತಿದ್ದಳು. ಸೆಕೆಗೆಂದು ನಾನು ಎಣಿಸಿದ್ದೆ. ಮೂರು ವರ್ಷಗಳ ನಂತರ ಆಕೆ ತೀರಿಕೊಂಡಳು. ಬೂಟಿನೊಳಗೆ ನೀರು ಸುರಿದುಕೊಂಡ ಆ ಸೈನಿಕರ ವಿಷಯ ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಇಪ್ಪತ್ತನೆಯ ಶತಮಾನದಲ್ಲಿ ನಂಬುವವರ ಸಂಖ್ಯೆ ಮೆಲ್ಲಮೆಲ್ಲನೆ ಬೆಳೆಯಿತು. ಮೊದಲ ಮಹಾಯುದ್ಧದ ಗಾಯಾಳುಗಳ ನಡುವೆ ದುಡಿದ ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರೀಶ್, ನೋವನ್ನೇ ವಿಷಯವಾಗಿಟ್ಟು 1937ರಲ್ಲಿ ಗ್ರಂಥ ಬರೆದ. ಪ್ರಯೋಗಶಾಲೆಯಲ್ಲಿ ಸೂಜಿ ಚುಚ್ಚಿ ಅಳೆಯುವ ನೋವು ಬೇರೆ, ಮನುಷ್ಯನು ಅನುಭವಿಸುವ ರೋಗದ ನೋವು ಬೇರೆ ಎಂಬುದು ಅವನ ನಿಲುವು. ಬಹುಕಾಲ ಉಳಿಯುವ ನೋವು ರೋಗದ ಲಕ್ಷಣ ಮಾತ್ರವಲ್ಲ, ಅದೇ ಒಂದು ರೋಗವಾಗಬಲ್ಲದು. 1965ರಲ್ಲಿ ಕೆನಡದ ರೊನಾಲ್ಡ್ ಮೆಲ್ಝಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಕೂಡಿ ಹೊಸ ಸಿದ್ಧಾಂತವೊಂದನ್ನು ಮುಂದಿಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ. ಅದು ಕೆಲವೊಮ್ಮೆ ಹೆಚ್ಚು ತೆರೆಯುತ್ತದೆ, ಕೆಲವೊಮ್ಮೆ ಮುಚ್ಚುತ್ತದೆ. ಸ್ಪರ್ಶವನ್ನು ಒಯ್ಯುವ ನರತಂತುಗಳು ಅದನ್ನು ಮುಚ್ಚಲು ನೆರವಾಗುತ್ತವೆ. ಮಿದುಳಿನಿಂದ ಇಳಿದುಬರುವ ಆಜ್ಞೆಗಳಿಗೂ ಆ ಬಾಗಿಲು ಮಣಿಯುತ್ತದೆ. ಎಡವಿ ಬಿದ್ದ ಮಗುವಿನ ಕಾಲನ್ನು ಅಜ್ಜಿ ಉಜ್ಜಿ ಊದಿದರೆ ಅಳು ನಿಲ್ಲುವುದೇಕೆಂಬುದಕ್ಕೆ ಕಾರಣ ಸಿಕ್ಕಿತು. ಆ ಸಿದ್ಧಾಂತದ ವಿವರಗಳಲ್ಲಿ ಅನೇಕವನ್ನು ಮುಂದೆ ತಿದ್ದಬೇಕಾಯಿತು. ಆದರೆ ಹಗ್ಗ ಮತ್ತು ಗಂಟೆಯ ಹಳೆಯ ಚಿತ್ರ ಅಂದೇ ಮುರಿಯಿತು. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಇನ್ನೊಂದನ್ನು ತೋರಿಸಿದ: ಪೆಟ್ಟಿನ ಬಳಿಕ ಬೆನ್ನುಹುರಿಯೇ ಸೂಕ್ಷ್ಮಗೊಂಡು, ಸಣ್ಣ ಸಂಕೇತವನ್ನೂ ದೊಡ್ಡದಾಗಿ ಕೇಳತೊಡಗುತ್ತದೆ. ಹೊದಿಕೆಯ ಅಂಚು ಕೆಂಡವಾಗುವುದು ಹೀಗೆ.

ಮೆಲ್ಝಾಕ್‌ನ ಮತ್ತೊಂದು ಕೆಲಸ ನನಗೆ ಇನ್ನೂ ಹತ್ತಿರದ್ದು. ತರುಣನಾಗಿದ್ದಾಗ ಅವನು ಛಾಯಾಂಗದ ನೋವಿನಿಂದ ನರಳುತ್ತಿದ್ದ ಒಬ್ಬ ವೃದ್ಧೆಯ ಬಳಿ ಕೂತು, ಆಕೆ ತನ್ನ ನೋವಿಗೆ ಬಳಸುತ್ತಿದ್ದ ಮಾತುಗಳನ್ನು ಬರೆದುಕೊಳ್ಳುತ್ತಿದ್ದ. ಹಾಗೆ ಕೂಡಿಟ್ಟ ಪದಗಳೇ ಬೆಳೆದು, 1975ರಲ್ಲಿ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ಒಂದು ಪ್ರಶ್ನಾವಳಿಯಾಯಿತು. ಅದರಲ್ಲಿ 20 ಗುಂಪುಗಳಾಗಿ ಹಂಚಿದ 78 ಪದಗಳಿವೆ. ಉರಿಯುವ ನೋವು, ಮಿಡಿಯುವ ನೋವು, ಕೊರೆಯುವ ನೋವು, ದಣಿಸುವ ನೋವು ಎಲ್ಲವೂ ಬೇರೆ ಬೇರೆ. ರೋಗಿ ಆರಿಸುವ ಪದ ವೈದ್ಯನಿಗೆ ದಾರಿ ತೋರುತ್ತದೆ. ಒಬ್ಬ ಮುದುಕಿಯ ಮಾತನ್ನು ಒಬ್ಬನು ಬರೆದುಕೊಂಡ. ಮತ್ತೊಬ್ಬ ಮುದುಕಿಯ ಮಾತಿಗೆ ಇನ್ನೊಬ್ಬನು ನಕ್ಕ. ಮೊದಲನೆಯವನಿಂದ ಒಂದು ಶಾಸ್ತ್ರಕ್ಕೆ ಸಾಧನ ದೊರೆಯಿತು. ಎರಡನೆಯವನು ಪದಗಳ ಪಂಡಿತನಾಗಿ ನಿವೃತ್ತನಾದ.

ಈ ಪ್ರಶ್ನಾವಳಿಯ ವಿಷಯ ತಿಳಿದ ಮೇಲೆ ನಾನು ಒಂದು ಹಳೆಯ ನೋಟುಪುಸ್ತಕ ತೆಗೆದುಕೊಂಡು, ನನ್ನ ಕಾಲಿನ ನೋವಿಗೆ ಕನ್ನಡದಲ್ಲಿ ಎಷ್ಟು ಮಾತುಗಳಿವೆಯೆಂದು ಬರೆಯತೊಡಗಿದೆ. ಉರಿ, ಚಳಕು, ಸೆಳೆತ, ಕುಟುಕು, ಜೋಮು, ಜುಮ್ಮೆನ್ನುವುದು, ಮುಳ್ಳಾಡಿದಂತೆ, ಇರುವೆ ಹರಿದಂತೆ, ಕೆಂಡ ತುಳಿದಂತೆ, ಸಿಡಿ, ಮಿಡಿತ, ಒತ್ತು, ಹಿಂಡು. ನಮ್ಮ ಭಾಷೆ ಬಡವಲ್ಲ. ದಿನಾಂಕದ ಮುಂದೆ ಆಯಾ ದಿನದ ಮಾತನ್ನು ಗುರುತು ಹಾಕಿದೆ; ಯಾವಾಗ, ಏನು ಮಾಡುವಾಗ ಎಂದೂ ಬರೆದೆ. ಅದನ್ನು ಹಿಡಿದುಕೊಂಡು ಬೇರೊಬ್ಬ ವೈದ್ಯರ ಬಳಿಗೆ ಹೋದೆ. ಅವರು ಆ ಪುಟಗಳನ್ನು ಓದಿ, ಪೆನ್ನಿನ ಹಿಂಬದಿಯಿಂದ ಆ ಗೆರೆಯ ಪಕ್ಕದಲ್ಲಿ ಮೃದುವಾಗಿ ತಟ್ಟಿದರು. ನಾನು ಬೆಚ್ಚಿದೆ. “ಇದು ನರದ ನೋವು. ನಿಮ್ಮ ಕಲ್ಪನೆಯಲ್ಲ” ಎಂದರು. ಆ ದಿನ ಇನ್ನೂ ಔಷಧ ಕೊಟ್ಟಿರಲಿಲ್ಲ. ಆದರೂ ಆ ರಾತ್ರಿ ನಾನು ಸ್ವಲ್ಪ ನಿದ್ರೆ ಮಾಡಿದೆ.

ಬಳಿಕ ಬಂದ ಉಪಾಯಗಳಿಗೂ ಒಂದೊಂದು ಚರಿತ್ರೆಯಿದೆ. ಖಿನ್ನತೆಗೆಂದು ಹುಟ್ಟಿದ ಅಮಿಟ್ರಿಪ್ಟಿಲಿನ್, ಅಪಸ್ಮಾರಕ್ಕೆಂದು ಹುಟ್ಟಿದ ಗ್ಯಾಬಪೆಂಟಿನ್ ನರದ ನೋವಿಗೂ ಉಪಯೋಗಕ್ಕೆ ಬಂದವು. ಇವು ಎಲ್ಲರಿಗೂ ಒದಗುವುದಿಲ್ಲ. ತೂಕಡಿಕೆ, ಬಾಯಾರಿಕೆಗಳನ್ನು ತರುವುದೂ ಉಂಟು. ವೈದ್ಯರ ಅಳತೆಯಿಲ್ಲದೆ ಮುಟ್ಟಬಾರದು, ತಾನಾಗಿ ನಿಲ್ಲಿಸಲೂಬಾರದು. ಆದರೆ ಮನೋರೋಗದ ಮಾತ್ರೆ ಕೊಟ್ಟರೆಂದು ಯಾರೂ ಅವಮಾನಪಡಬೇಕಾಗಿಲ್ಲ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಒಂದು ಸಾಧಾರಣ ಕನ್ನಡಿಯನ್ನು ಔಷಧವನ್ನಾಗಿ ಮಾಡಿದರು. ಉಳಿದ ಕೈಯ ಪ್ರತಿಬಿಂಬವನ್ನು ಕಳೆದ ಕೈಯ ಜಾಗದಲ್ಲಿ ಕಾಣುವಂತೆ ಮಾಡಿದರೆ, ಬಿಗಿದ ಛಾಯಾಂಗ ಕೆಲವರಲ್ಲಿ ಸಡಿಲವಾಗುತ್ತದೆ. ಮುಂದೆ ಕಾಲು ಕಳೆದುಕೊಂಡ ಸೈನಿಕರಲ್ಲೂ ಇದನ್ನು ಪರೀಕ್ಷಿಸಿದರು. ನನ್ನ ಮಟ್ಟಿಗೆ ಕೆಲಸ ಮಾಡಿದುದು ಇನ್ನೂ ಸಾಮಾನ್ಯವಾದ ಕ್ರಮ. ಮುಟ್ಟಲು ಹೆದರುತ್ತಿದ್ದ ಜಾಗವನ್ನು ದಿನಕ್ಕೆ ಮೂರು ಸಲ ಮೊದಲು ರೇಷ್ಮೆಯ ತುಂಡಿನಿಂದ, ವಾರಗಳ ಬಳಿಕ ಹತ್ತಿಯ ಬಟ್ಟೆಯಿಂದ, ಆಮೇಲೆ ಒರಟು ಟವೆಲ್ಲಿನಿಂದ ಸವರುವುದು. ಸ್ಪರ್ಶ ಶತ್ರುವಲ್ಲವೆಂದು ನರಕ್ಕೆ ಮತ್ತೆ ಅಕ್ಷರಾಭ್ಯಾಸ ಮಾಡಿಸುವ ಕೆಲಸವದು. ಅದರ ಜೊತೆಗೆ ಬೆರಳುಗಳನ್ನು ಹಿಂಡದ ಅಗಲ ಮೂತಿಯ ಚಪ್ಪಲಿ, ಮೆತ್ತನೆಯ ಅಡಿ, ಹೊತ್ತು ಹೊತ್ತಿಗೆ ಅಳತೆಯ ನಡಿಗೆ. ನೋವು ಬಂದೀತೆಂದು ನಡೆಯದೆ ಕೂತ ದಿನಗಳಲ್ಲೇ ನೋವು ಹೆಚ್ಚಿತ್ತೆಂದು ನನ್ನ ನೋಟುಪುಸ್ತಕವೇ ಸಾಕ್ಷಿ ಹೇಳುತ್ತದೆ.

ನೋವು ಹೋಯಿತೇ ಎಂದು ನೀವು ಕೇಳಬಹುದು. ಇಲ್ಲ. ಅರ್ಧಕ್ಕಿಂತ ಕಡಿಮೆಯಾಗಿದೆ. ಕಾರಣ ಕೇಳದೆ ಬಂದುಹೋಗುವ ನೆಂಟನಂತೆ ವಾರಕ್ಕೊಂದೆರಡು ರಾತ್ರಿ ಬರುತ್ತದೆ. ಬಂದಾಗ ಅದರ ಹೆಸರು ನನಗೆ ಗೊತ್ತಿದೆ. ಅದು ನನ್ನ ಕಾಲನ್ನು ತಿನ್ನುತ್ತಿಲ್ಲವೆಂಬುದೂ, ಬೆಳಗಿನ ಹೊತ್ತಿಗೆ ಇಳಿಯುತ್ತದೆಂಬುದೂ ಗೊತ್ತಿದೆ. ಹೆಸರಿಲ್ಲದ ನೋವಿಗೂ ಹೆಸರುಳ್ಳ ನೋವಿಗೂ ಇರುವ ವ್ಯತ್ಯಾಸ, ಕತ್ತಲೆಯಲ್ಲಿ ಕೇಳಿದ ಹೆಜ್ಜೆಗೂ ದೀಪದ ಬೆಳಕಿನಲ್ಲಿ ಕಂಡ ಮುಖಕ್ಕೂ ಇರುವಷ್ಟು.

ನೋವನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘವೊಂದು 1970ರ ದಶಕದಲ್ಲಿ ಹುಟ್ಟಿತು. 1979ರಲ್ಲಿ ಅದು ನೋವಿಗೆ ಒಂದು ವ್ಯಾಖ್ಯೆ ಕೊಟ್ಟಿತು. ನೋವು ಶರೀರದ ಸಂವೇದನೆಯಷ್ಟೇ ಅಲ್ಲ, ಭಾವದ ಅನುಭವವೂ ಹೌದೆಂದು ಒಪ್ಪಿತು. 2020ರಲ್ಲಿ ಆ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ ಕೆಲವು ಟಿಪ್ಪಣಿಗಳನ್ನು ಸೇರಿಸಿದರು. ಅವುಗಳಲ್ಲಿ ಒಂದರ ತಾತ್ಪರ್ಯ ಇಷ್ಟೆ: ಒಬ್ಬ ವ್ಯಕ್ತಿ ತನಗೆ ನೋವಾಗಿದೆಯೆಂದು ಹೇಳಿದರೆ ಆ ಮಾತನ್ನು ಗೌರವಿಸಬೇಕು. ಪಾರೆಯ ಸೈನಿಕರಿಂದ ಇಲ್ಲಿಯವರೆಗೆ ನಾನೂರು ವರ್ಷಗಳಿಗೂ ಹೆಚ್ಚು ಕಾಲ ನಡೆದು ವೈದ್ಯಶಾಸ್ತ್ರ ಮುಟ್ಟಿದ ನಿಲುಗಡೆ ಇದು. ಕೇಳಲು ಎಷ್ಟು ಸಣ್ಣ ಮಾತು! ಅದನ್ನು ಆಚರಿಸಲು ಯಂತ್ರ ಬೇಡ, ಹಣ ಬೇಡ, ಪದವಿಯೂ ಬೇಡ.

ನಿಮ್ಮ ಮನೆಗಳಲ್ಲಿಯೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದ ಹಿರಿಯರಿರಬಹುದು. ಗಾಯ ಮಾದಿದ ಮೇಲೂ ಅವರು ಉರಿ ಎಂದರೆ, ಮಿಂಚು ಎಂದರೆ, ಇಲ್ಲದ ಬೆರಳು ನೋಯುತ್ತಿದೆ ಎಂದರೆ, ದಯಮಾಡಿ ನಗಬೇಡಿ. ಪಕ್ಕದಲ್ಲಿ ಕೂತು, ಹೇಗಿದೆ ಆ ನೋವು ಎಂದು ಕೇಳಿ. ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಕಾಗದವನ್ನು ವೈದ್ಯರಿಗೆ ತೋರಿಸಿ. ನನ್ನ ನೋಟುಪುಸ್ತಕದ ಮೊದಲ ಪುಟದಲ್ಲಿ, ನನ್ನ ದಿನಚರಿ ಶುರುವಾಗುವ ಮುನ್ನ, ದಿನಾಂಕವಿಲ್ಲದ ಎರಡು ಪದಗಳಿವೆ: ‘ಉರಿ’, ‘ಹಿಂಡಿದ ಹಾಗೆ’. ಅವು ನನ್ನ ಮಾತುಗಳಲ್ಲ, ನನ್ನ ತಾಯಿಯವು. ಮೂವತ್ತು ವರ್ಷಗಳಿಗೂ ಹೆಚ್ಚು ತಡವಾಗಿ ಬರೆದುಕೊಂಡಿದ್ದೇನೆ.